ಟಾರ್ಪಾಲಕ್ಕನ ಗಾಳಿ ಬೆಳೆ

ಜಮೀನು ಪಾಲಾದ ದಿನ ಬೋಳು ದಿಬ್ಬವನ್ನೂ ಹೆತ್ತ ತಾಯಿಯನ್ನೂ ಒಂದೇ ಪಾಲಿಗೆ ಹಾಕಿದವನು ಮನೆಯ ಹಿರಿಮಗ. ಕೆಳಗಿನ ಸಮತಟ್ಟಾದ ಹೊಲ, ತುಂಬಿದ ಬಾವಿ, ರಸ್ತೆ ಪಕ್ಕದ ಹಳೆಮನೆ ಅವನಿಗೆ. ಪಡುವಣ ಗಾಳಿಗೆ ಎದೆಯೊಡ್ಡಿ ನಿಂತ ದಿಬ್ಬ, ಅದರ ನೆತ್ತಿಯ ಮೇಲಿನ ತಗಡಿನ ಮನೆ ತಮ್ಮನಿಗೆ. ಎಲ್ಲ ಮುಗಿದು ಅಳತೆಯ ಹಗ್ಗ ಸುತ್ತುವಾಗ, ಮರೆತ ಸಾಮಾನೊಂದು ನೆನಪಾದವನಂತೆ, "ಅಮ್ಮ ನಿಮ್ ಜೊತೇನೇ ಇರ್ಲಿ, ಮೇಲೆ ಗಾಳಿ ಬೆಳಕು ಚೆನ್ನಾಗಿದೆ" ಅಂದ. ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದ ಅಮ್ಮನಿಗೆ ಅದು ಕೇಳಿಸಿತು. ಅವಳು ಕೈಯಲ್ಲಿದ್ದ ಸೌಟನ್ನು ತೊಳೆದು ಮೊಳೆಗೆ ತೂಗುಹಾಕಿ ಒಳಗೆ ಹೋದಳು.

ಸುಮ್ಮನಿರದವಳು ಕಿರಿಸೊಸೆ. ಪೇಟೆಯ ಬಸ್‌ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವಳದೊಂದು ಹೊಲಿಗೆ ಅಂಗಡಿ. ರವಿಕೆ ಲಂಗ ಹೊಲಿಯುವ ಅಂಗಡಿಯಲ್ಲ; ಲಾರಿಯ ಹೊದಿಕೆ, ಅಂಗಡಿಗಳ ಮುಂದಿನ ಇಳಿಮಾಡು, ರಸ್ತೆಗೆ ಅಡ್ಡ ಕಟ್ಟುವ ಬ್ಯಾನರು ಇವೇ ಅವಳ ಕೆಲಸ. ದಬ್ಬಣದಂಥ ಸೂಜಿಯ ಮಿಷನ್ನು ಓಡಿಸಿ ಅವಳ ಬಲಗೈ ಹೆಬ್ಬೆರಳು ಚಪ್ಪಟೆಯಾಗಿತ್ತು. ಊರವರೆಲ್ಲ ಅವಳನ್ನು ಟಾರ್ಪಾಲಕ್ಕ ಅನ್ನುತ್ತಿದ್ದರು, ಭಾವ ಕೂಡ. ಊರವರು ಪ್ರೀತಿಯಿಂದ ಅನ್ನುತ್ತಿದ್ದರು.

"ಭಾವ, ಆ ದಿಬ್ಬದಲ್ಲಿ ಬೇಲಿ ಗೂಟ ಕೂಡ ನಿಲ್ಲಲ್ಲ. ಏನು ಬೆಳೆಯೋದು ಅಂತ ನೀವೇ ಹೇಳಿ," ಅಂದಳು.

ಭಾವ ಜಗಲಿಯಲ್ಲಿ ಕೂತವರ ಕಡೆ ಒಮ್ಮೆ ನೋಡಿದ. ನಗಿಸುವ ಮುಂಚೆ ನಗುವವರನ್ನು ಎಣಿಸಿಕೊಳ್ಳುವ ಅಭ್ಯಾಸ ಅವನದು. "ಗಾಳಿ ಬೆಳಿ, ಟಾರ್ಪಾಲಕ್ಕ! ನೀರೂ ಬೇಡ, ಗೊಬ್ಬರಾನೂ ಬೇಡ. ಗಾಳಿ ಬಂದಾಗ ತೂರಿಕೋ ಅಂತ ಹಿರಿಯರು ಸುಮ್ನೆ ಹೇಳಿದ್ದಾರಾ? ಅಲ್ಲಿ ಒಂದೇ ಒಂದು ಹಣ್ಣು ಬೆಳೆದು ತೋರ್ಸು. ನಿನ್ನ ಗೇಟಿಗೆ ಬಂದು, ಎರಡೂ ಕೈ ಒಡ್ಡಿ ಇಸ್ಕೊಂಡು ತಿಂತೀನಿ."

ಜಗಲಿ ಗೊಳ್ಳೆಂದಿತು. ಅವಳ ಗಂಡನೂ, ಪಾಪ, ಅಣ್ಣನ ಮಾತಿಗೆ ನಗುವುದು ಚಿಕ್ಕಂದಿನಿಂದ ರೂಢಿಯಾದ್ದರಿಂದ, ಹಲ್ಲು ಬಿಟ್ಟ. ಹೆಂಡತಿಯ ಮುಖ ನೋಡಿದ ಮೇಲೆ ಮುಚ್ಚಿಕೊಂಡ. ಅವನು ನೀರೆತ್ತುವ ಮೋಟಾರು ರಿಪೇರಿ ಮಾಡುವವನು. ಸುಟ್ಟ ಮೋಟಾರನ್ನು ಬದುಕಿಸುವುದು ಅವನಿಗೆ ಗೊತ್ತಿತ್ತು, ಉರಿಯುತ್ತಿರುವ ಹೆಂಗಸನ್ನು ಸಮಾಧಾನ ಮಾಡುವುದು ಗೊತ್ತಿರಲಿಲ್ಲ.

ದಿಬ್ಬದ ಮೇಲಿನ ಸಂಸಾರ ಹೇಗಿತ್ತೆಂದರೆ, ಒಣಹಾಕಿದ ಬಟ್ಟೆಯನ್ನು ಹಗ್ಗಕ್ಕೆ ಗಂಟು ಹಾಕಬೇಕಿತ್ತು. ಬಾಗಿಲನ್ನು ಭುಜ ಕೊಟ್ಟು ತೆರೆಯಬೇಕಿತ್ತು; ತೆರೆದ ಮೇಲೆ ಅದು ತಾನಾಗಿ ಮುಚ್ಚಿ ಹಿಮ್ಮಡಿಗೆ ಬಡಿಯುತ್ತಿತ್ತು. ತಗಡು ಹಾರದಿರಲೆಂದು ಮಾಡಿನ ಮೇಲೆ ಹಳೆಯ ಲಾರಿ ಟೈರು ಹೇರಿದ್ದರು. ಒಲೆಯ ಉರಿ ಪಾತ್ರೆಯನ್ನು ಬಿಟ್ಟು ಪಕ್ಕದ ಗೋಡೆಯನ್ನು ಬಿಸಿ ಮಾಡುತ್ತಿತ್ತು. ಒಬ್ಬರ ಮಾತು ಒಬ್ಬರಿಗೆ ಕೇಳದೆ ಮನೆಮಂದಿಗೆಲ್ಲ ಕಿರುಚಿ ಮಾತಾಡುವುದೇ ಅಭ್ಯಾಸವಾಗಿ, ಪೇಟೆಗೆ ಹೋದಾಗ ಜನ ಇವರು ಜಗಳ ಆಡುತ್ತಿದ್ದಾರೆಂದು ತಿಳಿಯುತ್ತಿದ್ದರು.

ಮೊದಲ ದಿನ ಎಲ್ಲರೂ ಊಟಕ್ಕೆ ಕೂತಾಗ ಟಾರ್ಪಾಲಕ್ಕ ತನ್ನ ಶಪಥ ಹೇಳಿದಳು. ಈ ದಿಬ್ಬದಲ್ಲಿ ಹಣ್ಣು ಬೆಳೆಯುತ್ತೇನೆ. ಭಾವ ಬಂದು ಗೇಟಿನಲ್ಲಿ ಕೈಯೊಡ್ಡುವವರೆಗೆ ಆ ಹಣ್ಣು ಈ ಮನೆಯ ಯಾರ ನಾಲಿಗೆಗೂ ತಾಗಕೂಡದು.

"ಊರಲ್ಲಿಲ್ಲದ ಎಮ್ಮೆಗೆ ಹಗ್ಗ ಹೊಸೆದ ಹಾಗಾಯ್ತು ಇದು," ಅಂದ ಗಂಡ. "ಹಣ್ಣೆಲ್ಲಿದೆ ಬಿಡೋಕೆ?"

"ಬರತ್ತೆ."

"ಬಡವನ ಕೋಪ ದವಡೆಗೆ ಮೂಲ, ಕಣೇ."

"ದವಡೆ ನಂದು ತಾನೇ? ನಿಮ್ಮಣ್ಣ ಕೈಯೊಡ್ಡೋದು ನೋಡ್ಬೇಕು. ಅದನ್ನ ನೋಡ್ದೆ ನಾನು ಸಾಯಲ್ಲ."

ಅತ್ತೆ ತಲೆಯೆತ್ತಲಿಲ್ಲ. ಹಳೆಮನೆಯಿಂದ ಬರುವಾಗ ಅವಳು ತಂದದ್ದು ಒಂದು ಟ್ರಂಕು ಮತ್ತು ಹಿತ್ತಿಲ ಅಂಜೂರದ ಮರದಿಂದ ಮುರಿದ ಒಂದು ಕಡ್ಡಿ. ಮರುದಿನ ಗೇಟಿನ ಪಕ್ಕ ತಾನೇ ಗುಣಿ ತೋಡಿ ಆ ಕಡ್ಡಿ ಊರಿದಳು. ಅದು ಚಿಗುರುವ ಮೊದಲೇ ಕೆಳಗಿನಿಂದ ಕೊಡಲಿಯ ಸದ್ದು ಕೇಳಿಸಿತು. ಹಿರಿಮಗ ಕಾರು ನಿಲ್ಲಿಸುವ ಜಾಗಕ್ಕೆಂದು ಆ ಹಿತ್ತಿಲ ಅಂಜೂರವನ್ನು ಕಡಿಸುತ್ತಿದ್ದ. ಅತ್ತೆ ಗೇಟು ಹಿಡಿದುಕೊಂಡು ಮರ ಉರುಳುವವರೆಗೂ ನಿಂತಿದ್ದು ಒಳಗೆ ಬಂದಳು. ಆಗಲೂ ಏನೂ ಅನ್ನಲಿಲ್ಲ. ಸೊಸೆಗೆ ಆ ಮೌನದ ಮೇಲೆ ಸಿಟ್ಟು ಬಂತು. ಎಷ್ಟಾದರೂ ಹೆತ್ತ ಕರುಳು, ಮಗನ ಮೇಲೆ ಕೋಪ ಎಲ್ಲಿಂದ ಬರಬೇಕು ಎಂದುಕೊಂಡಳು. ಟಾರ್ಪಾಲಕ್ಕ ಬಟ್ಟೆ ಅಳೆಯುವುದರಲ್ಲಿ ಎಂದೂ ತಪ್ಪಿದವಳಲ್ಲ. ಅತ್ತೆಯನ್ನು ಅಳೆಯುವುದರಲ್ಲಿ ತಪ್ಪಿದಳು.

ಕಾಡಿನ ಆಲೋಚನೆ ಕೊಟ್ಟವಳು ನರ್ಸರಿಯ ಹೆಂಗಸು. ಸಸಿಗಳ ನೆರಳುಬಲೆ ಹೊಲಿಸಲು ಅಂಗಡಿಗೆ ಬಂದವಳು ಸ್ಟೂಲಿನ ಮೇಲೆ ಕೂತು ಹೇಳಿದಳು: "ಗಾಳಿ ಜಾಗದಲ್ಲಿ ತೋಟ ಮಾಡ್ಬೇಡ ಅಕ್ಕ, ಕಾಡು ಮಾಡು. ಎತ್ತರದ ಮರ ಗಾಳಿಗೆ ಬೆನ್ನು ಕೊಡ್ಲಿ. ಅದರ ಮರೇಲಿ ಹಣ್ಣಿನ ಮರ, ಹಣ್ಣಿನ ಮರದ ಬುಡದಲ್ಲಿ ಪೊದೆ, ಪೊದೆ ಕೆಳಗೆ ಗೆಣಸು ಕುಂಬಳದ ಬಳ್ಳಿ. ಮಣ್ಣು ಬಿಸಿಲಿಗೆ ಕಾಣ್ಲೇಬಾರದು. ತಿನ್ನೋ ಕಾಡು ಅದು. ಆದ್ರೆ ಮೊದಲು ಗಾಳಿಗೆ ಏನಾದ್ರೂ ಮಾಡು."

ಗಾಳಿಗೆ ಏನು ಮಾಡಬೇಕೆಂದು ತನಗೆ ಗೊತ್ತಿಲ್ಲವೇ ಎಂದುಕೊಂಡಳು ಟಾರ್ಪಾಲಕ್ಕ. ಪಡುವಣ ಅಂಚಿಗೆ ಸರ್ವೆ ಸಸಿ, ಅದರ ಹಿಂದೆ ಸೀಬೆ, ದಾಳಿಂಬೆ, ನಿಂಬೆ, ಹಿಪ್ಪುನೇರಳೆ ನೆಟ್ಟರು. ಗಂಡ ಗುಜರಿಯ ಮೋಟಾರೊಂದಕ್ಕೆ ಜೀವ ಕೊಟ್ಟು ದಿಬ್ಬದ ಬುಡದ ಹೊಂಡದಿಂದ ನೀರು ಹತ್ತಿಸಿದ. ಮಗಳು ಶಾಲೆಯಿಂದ ಬರುವಾಗ ದಾರಿಯ ತರಗೆಲೆಯನ್ನು ಚೀಲಕ್ಕೆ ತುಂಬಿ ತರುತ್ತಿದ್ದಳು; ಒಮ್ಮೆ ಪುಸ್ತಕ ತೆಗೆದು ಎಲೆ ತುಂಬಿ, ಪುಸ್ತಕವನ್ನು ದಾರಿಯಲ್ಲೇ ಬಿಟ್ಟು ಬಂದಳು. ಅತ್ತೆ ಪ್ರತಿ ಸಸಿಯ ಬುಡಕ್ಕೂ ಹುಲ್ಲು ಹೊದಿಸಿ, ಹಾರದಂತೆ ಕಲ್ಲು ಇಡುತ್ತಿದ್ದಳು. ಕೊನೆಗೆ ಟಾರ್ಪಾಲಕ್ಕ ಅಂಗಡಿಯಲ್ಲಿದ್ದ ಹಳೆಯ ಲಾರಿ ಹೊದಿಕೆಗಳನ್ನೆಲ್ಲ ಜೋಡಿಸಿ ಹೊಲಿದು, ದಿಬ್ಬದ ನಾಲ್ಕೂ ಕಡೆ ಆಳೆತ್ತರದ ಗೋಡೆಯಂತೆ ಬಿಗಿದಳು. ಎಲ್ಲೂ ಒಂದು ಕಿಂಡಿ ಬಿಡಲಿಲ್ಲ. ಗಾಳಿ ಬರಬಾರದೆಂಬುದು ಅರ್ಧ ಕಾರಣ. ಕಾಯಿ ಕಚ್ಚುವವರೆಗೆ ಭಾವನ ಕಣ್ಣು ಒಳಗೆ ಬೀಳಬಾರದು, ಸಸಿ ಸತ್ತರೆ ಅವನು ನೋಡಿ ನಗಬಾರದು ಎಂಬುದು ಉಳಿದರ್ಧ.

ಗಾಳಿಯ ಕಾಲ ಬಂತು. ಬಂದ ಗಾಳಿ ಆ ಗೋಡೆಗೆ ಗುದ್ದಿ, ಮೇಲೆ ಹಾರಿ, ಒಳಗೆ ದುಮುಕಿತು. ಗೋಡೆಯೇ ಇಲ್ಲದಿದ್ದರೆ ಬಾಗಿ ಬದುಕುತ್ತಿದ್ದ ಸಸಿಗಳನ್ನು ಕುತ್ತಿಗೆ ಹಿಡಿದು ತಿರುಚಿತು. ಒಂದು ಮಧ್ಯಾಹ್ನ ಮೂಡಣ ದಿಕ್ಕಿನ ಹೊದಿಕೆ ಗೂಟ ಸಮೇತ ಎದ್ದು, ದೊಡ್ಡ ಹಕ್ಕಿಯ ಹಾಗೆ ಬಡಿದಾಡುತ್ತ ಕೆಳಗಿನ ಹೊಲದಲ್ಲಿ ಹೋಗಿ ಬಿತ್ತು. ಒಳಗೆ ಉಳಿದದ್ದು ಮುರಿದ ಕಡ್ಡಿಗಳು ಮತ್ತು ಗೇಟಿನ ಕಂಬಕ್ಕೆ ಅತ್ತೆ ಮೂರು ಕಡೆ ಕಟ್ಟಿದ್ದ ಅಂಜೂರದ ಗಿಡ.

ಸಂಜೆ ಭಾವನ ಆಳು ಆ ಹೊದಿಕೆಯನ್ನು ನೀಟಾಗಿ ಮಡಿಸಿಕೊಂಡು ತಂದುಕೊಟ್ಟ. "ಯಜಮಾನರು ಹೇಳಿ ಕಳಿಸಿದ್ರು. ಗಾಳಿ ಬೆಳೆ ಭರ್ಜರಿ ಬಂದಿದೆಯಂತೆ, ಮೊದಲನೇ ಕೊಯ್ಲು ನಮ್ಮ ಹೊಲಕ್ಕೇ ಬಂತಂತೆ," ಅಂದು, ತನಗೇನೂ ಸಂಬಂಧವಿಲ್ಲ ಎಂಬಂತೆ ನೆಲ ನೋಡಿದ.

ಟಾರ್ಪಾಲಕ್ಕ ಆ ಹೊದಿಕೆಯನ್ನು ಅಂಗಳದಲ್ಲಿ ಬಿಸಾಡಿ ಅದರ ಮೇಲೇ ಕೂತು ಅತ್ತಳು. ದುಃಖಕ್ಕಲ್ಲ, ಕೈಗೆ ಸಿಗದವನನ್ನು ಹೊಡೆಯಲಾಗದೆ ಬರುವ ಅಳು ಅದು. ಮಗಳು ಪಕ್ಕದಲ್ಲಿ ಕೂತು ಹೊದಿಕೆಯನ್ನು ತಿರುವಿ ನೋಡಿ ಕೇಳಿದಳು: "ಅಮ್ಮ, ಬ್ಯಾನರಿಗೆಲ್ಲ ಅರ್ಧಚಂದ್ರದ ತೂತು ಕತ್ತರಿಸ್ತೀಯಲ್ಲ, ಗಾಳಿ ಹೋಗ್ಲಿ ಅಂತ. ಇದಕ್ಕೆ ಯಾಕೆ ಮಾಡ್ಲಿಲ್ಲ?"

ಟಾರ್ಪಾಲಕ್ಕನ ಅಳು ಅಲ್ಲಿಗೇ ನಿಂತಿತು. ಇಷ್ಟು ವರ್ಷ ಅವಳು ಹೊಲಿದ ಬ್ಯಾನರುಗಳಲ್ಲಿ ಒಂದೂ ಗಾಳಿಗೆ ಹರಿದಿರಲಿಲ್ಲ. ಬರುವವರಿಗೆಲ್ಲ "ಗಾಳಿಗೆ ದಾರಿ ಬಿಟ್ರೆ ಅದು ಬಟ್ಟೆ ಬಿಡತ್ತೆ" ಎಂದು ಪಾಠ ಹೇಳುತ್ತಿದ್ದವಳು ಅವಳೇ. ಭಾವನ ಕಣ್ಣಿಗೆ ಏನೂ ಕಾಣಬಾರದೆಂಬ ಹಟದಲ್ಲಿ ತನ್ನ ಕಸುಬನ್ನೇ ಮರೆತಿದ್ದಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅವಳು ಹಣೆ ಚಚ್ಚಿಕೊಂಡು ಎದ್ದು, ಕತ್ತರಿ ತಂದು, ಕತ್ತಲಾಗುವುದರೊಳಗೆ ಆ ಹೊದಿಕೆಯ ತುಂಬ ಅರ್ಧಚಂದ್ರಗಳನ್ನು ಕೊಯ್ದಳು.

ಎರಡನೇ ಸಲ ಎಲ್ಲವೂ ತೂತಿನ ಲೆಕ್ಕದಲ್ಲೇ ನಡೆಯಿತು. ಸರ್ವೆಯನ್ನು ಒತ್ತಾಗಿ ನೆಡದೆ, ಮುಂದಿನ ಸಾಲಿನ ಎರಡು ಗಿಡಗಳ ನಡುವಿನ ಸಂದಿಗೆ ಹಿಂದಿನ ಸಾಲಿನ ಒಂದು ಗಿಡ ಬರುವ ಹಾಗೆ ನೆಟ್ಟರು. ಗಾಳಿ ಒಳಗೆ ಬರುತ್ತಿತ್ತು, ಆದರೆ ಸೋಸಿ ಬರುತ್ತಿತ್ತು. ತೂತುಗಳಿಂದ ಭಾವನ ಹೊಲ ಕಾಣುತ್ತಿತ್ತು, ಭಾವನಿಗೂ ಇವರ ದಿಬ್ಬ ಕಾಣುತ್ತಿತ್ತು. ಕಾಣಲಿ ಎಂದುಕೊಂಡಳು. ದಿನಾ ಬೆಳಿಗ್ಗೆ ಒಂದು ತೂತಿಗೆ ಕಣ್ಣಿಟ್ಟು ಅವನು ಹಲ್ಲುಜ್ಜುವುದನ್ನು ನೋಡಿದ ಮೇಲೆಯೇ ಅವಳಿಗೆ ಕೆಲಸಕ್ಕೆ ಕೈ ಓಡುತ್ತಿದ್ದದ್ದು. ಕೆಲವರಿಗೆ ಕಾಫಿ ಬೇಕು, ಟಾರ್ಪಾಲಕ್ಕನಿಗೆ ಇದು ಬೇಕಿತ್ತು.

ಕಾಡು ಎದ್ದಿತು. ಸರ್ವೆ ಮಾಡಿಗಿಂತ ಎತ್ತರವಾಯಿತು, ಹೊದಿಕೆಗಳನ್ನು ಬಿಚ್ಚಿದರು. ಮಾಡಿನ ಟೈರುಗಳನ್ನು ಇಳಿಸಿ ಅವುಗಳಲ್ಲಿ ಮಣ್ಣು ತುಂಬಿ ಪುದೀನ ಹಾಕಿದರು. ಮೊದಲು ಹಿಪ್ಪುನೇರಳೆ ಹಣ್ಣಾಯಿತು, ಆಮೇಲೆ ಸೀಬೆ, ಆಮೇಲೆ ಒಂದರ ಹಿಂದೆ ಒಂದು. ಬುಟ್ಟಿ ಬುಟ್ಟಿ ಹಣ್ಣು ಪೇಟೆಗೆ ಹೋಯಿತು. ನರ್ಸರಿಯ ಹೆಂಗಸು ತಿಂದಳು, ಬಸ್ಸಿನ ಕಂಡಕ್ಟರು ತಿಂದ, ಶಾಲೆಯ ಮಕ್ಕಳು ತಿಂದರು, ಹಕ್ಕಿಗಳಂತೂ ಮನೆಯವರಿಗಿಂತ ಹೆಚ್ಚು ಹಕ್ಕಿನಿಂದ ತಿಂದವು. ಮನೆಯವರು ಮಾತ್ರ ತಿನ್ನಲಿಲ್ಲ. "ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದು ಗಂಡ ಗೊಣಗಿ, ಪೇಟೆಯಿಂದ ಬಾಡಿದ ಸೇಬು ತಂದು ತಿನ್ನುತ್ತಿದ್ದ. ಮಗಳ ನಾಲಿಗೆ ಆಗಾಗ ನೇರಳೆ ಬಣ್ಣಕ್ಕೆ ತಿರುಗುತ್ತಿತ್ತು.

"ಏನೇ ಅದು ನಾಲಿಗೆ?"

"ಶಾಯಿ, ಅಮ್ಮ. ಪೆನ್ನು ಕಚ್ಚಿದೆ."

"ಶಾಯೀಲಿ ಬೀಜ ಇರತ್ತಾ?"

ಮಗಳಿಗೆ ಬೈದಳು, ಆದರೆ ಮೆತ್ತಗೆ. ಅತ್ತೆಗೆ ಬೈಯುವ ಪ್ರಸಂಗವೇ ಬರಲಿಲ್ಲ. ಅಂಜೂರ ಗೇಟಿನ ಮೇಲೆ ಬಾಗುವಷ್ಟು ಬೆಳೆದು ಹಣ್ಣು ಬಿಟ್ಟಿತು. ಅತ್ತೆ ಅದರ ಬುಡದಲ್ಲೇ ದಿನವಿಡೀ ಕೂರುತ್ತಿದ್ದಳು. ಮಾಗಿದ ಹಣ್ಣು ಮಡಿಲಿಗೆ ಬಿದ್ದರೂ ಎತ್ತಿ ಬುಟ್ಟಿಗೆ ಹಾಕುತ್ತಿದ್ದಳು, ಬೆರಳನ್ನು ಕೂಡ ನೆಕ್ಕುತ್ತಿರಲಿಲ್ಲ. ಆ ತಾಯಿಗೆ ಹಲ್ಲು ಒಂದೊಂದೇ ಉದುರುತ್ತಿದ್ದವು. ಇನ್ನೆಷ್ಟು ದಿನ ಎಂದು ಟಾರ್ಪಾಲಕ್ಕ ಉಳಿದ ಹಲ್ಲುಗಳನ್ನು ಲೆಕ್ಕ ಹಾಕುತ್ತಿದ್ದಳು. ಶಪಥ ಮುರಿಯುವ ಯೋಚನೆ ಮಾತ್ರ ಬರಲಿಲ್ಲ. ಭಾವನ ಮೇಲಿನ ಸಿಟ್ಟು ಇನ್ನಷ್ಟು ಬಂತು.

ಭಾವ ಬರಲಿಲ್ಲ. "ಅದೇನು ಕೃಷೀನಾ? ಹಕ್ಕಿ ಉಗುಳಿದ ಬೀಜ, ತಾನಾಗಿ ಹುಟ್ಟಿದೆ" ಎಂದು ಕ್ಷೌರದಂಗಡಿಯಲ್ಲಿ ಹೇಳಿದನಂತೆ. ಅವನ ಹೊಲವೂ ಜೋರಾಗಿತ್ತು. ದಿಬ್ಬದ ಬುಡಕ್ಕೇ ತಾಗಿದಂತೆ ದೊಡ್ಡ ದೊಡ್ಡ ಪಾಲಿಹೌಸು ಎಬ್ಬಿಸಿ, ಪ್ಲಾಸ್ಟಿಕ್ಕಿನ ಮಾಡಿನ ಕೆಳಗೆ ಹೂವು ಬೆಳೆಯುತ್ತಿದ್ದ. ದಿಬ್ಬದಲ್ಲಿ ಬೇಲಿ ಗೂಟವೂ ನಿಲ್ಲದ ಕಾಲದಲ್ಲಿ ಅದರ ಬುಡದ ಈ ಹೊಲದಲ್ಲೂ ಒಂದು ಕೊಡೆ ಬಿಚ್ಚಲು ಆಗುತ್ತಿರಲಿಲ್ಲ ಎಂಬುದು ಯಾರಿಗೂ ನೆನಪಿರಲಿಲ್ಲ.

ಟಾರ್ಪಾಲಕ್ಕನಿಗೆ ನೆನಪಾದದ್ದು ಪಾಲಿಹೌಸಿನ ಗುತ್ತಿಗೆದಾರನಿಂದ. ಬೇರೆ ಊರಿನವನು, ಸಂಬಂಧ ಗಿಂಬಂಧ ಗೊತ್ತಿಲ್ಲ. ಪಕ್ಕದ ಪರದೆ ಹೊಲಿಯಲು ಪೇಟೆಯಲ್ಲಿ ವಿಚಾರಿಸಿ ಅವಳನ್ನೇ ಕರೆದ. ಶತ್ರುವಿನ ಕೋಟೆಯನ್ನು ಒಳಗಿನಿಂದ ನೋಡುವ ಅವಕಾಶವನ್ನು ಯಾರು ಬಿಡುತ್ತಾರೆ? ಅಳತೆ ಟೇಪು ಹಿಡಿದು ಹೋದಳು. ಗಾಳಿಯ ಕಾಲ ಅದು, ದಿಬ್ಬದ ಮೇಲೆ ಸರ್ವೆಗಳು ಹುಯ್ಯೆನ್ನುತ್ತಿದ್ದವು. ಆದರೆ ಕೆಳಗೆ, ಅವಳ ಕಣ್ಣೆದುರಿಗೇ, ಒಂದು ಒಣ ಎಲೆ ಅತ್ತಿತ್ತ ಒಂದಿಷ್ಟೂ ಅಲುಗದೆ ನೆಟ್ಟಗೆ ನೆಲಕ್ಕಿಳಿಯಿತು.

ಭಾವ ಬಾಗಿಲಲ್ಲಿ ಬಂದು ನಿಂತ. ಅವಳನ್ನು ನೋಡಿ ಒಂದು ಕ್ಷಣ ತಬ್ಬಿಬ್ಬಾದರೂ ಬೇಗ ಸುಧಾರಿಸಿಕೊಂಡ. "ನೋಡ್ಕೋ ಟಾರ್ಪಾಲಕ್ಕ. ನನ್ನ ಜಾಗದಲ್ಲಿ ಗಾಳಿ ಕೂಡ ಹೇಳಿದ ಮಾತು ಕೇಳತ್ತೆ," ಅಂದ.

ಅವಳು ತಲೆಯೆತ್ತಿ ದಿಬ್ಬದ ಕಡೆ ನೋಡಿದಳು. ಗಾಳಿ ಕೇಳುತ್ತಿದ್ದದ್ದು ಅವಳ ಮಾತನ್ನು. ಅವಳು ನೆಟ್ಟ ಸರ್ವೆ, ಅವಳ ಗಂಡ ನೀರು ಹತ್ತಿಸಿದ ಸೀಬೆ, ಅವಳ ಮಗಳು ಎಲೆ ಹೊತ್ತು ಸಾಕಿದ ದಾಳಿಂಬೆ, ಎಲ್ಲ ಸೇರಿ ಇಷ್ಟು ವರ್ಷ ಈ ಮನುಷ್ಯನ ಪ್ಲಾಸ್ಟಿಕ್ ಮಾಡನ್ನು ಕಾಯುತ್ತಿದ್ದವು. ತನ್ನ ಮನೆಯವರ ಬಾಯಿ ಕಟ್ಟಿ ಬೆಳೆಸಿದ ಕಾಡು ವೈರಿಗೆ ಕೊಡೆ ಹಿಡಿದಿತ್ತು. ಅವಳು ಪರದೆಯ ಅಳತೆಯನ್ನು ತಪ್ಪಿಲ್ಲದೆ ತೆಗೆದುಕೊಂಡಳು. ಅದರ ಜೊತೆಗೇ ಇನ್ನೊಂದು ಅಳತೆಯನ್ನೂ ತೆಗೆದುಕೊಂಡಳು: ಪಾಲಿಹೌಸಿನ ನಡುಕಂಬಕ್ಕೆ ಬೆನ್ನು ಕೊಟ್ಟು ನಿಂತು, ದಿಬ್ಬದ ಮೇಲೆ ಯಾವ ಯಾವ ಮರ ನೇರಕ್ಕೆ ಬರುತ್ತವೆ ಎಂದು ನೋಡಿದಳು.

ಎಲ್ಲಿ ತೂತು ಮಾಡಿದರೆ ಬಟ್ಟೆ ಉಳಿಯುತ್ತದೆ ಎಂದು ಗೊತ್ತಿದ್ದವಳಿಗೆ ಎಲ್ಲಿ ತೂತು ಮಾಡಿದರೆ ಹರಿಯುತ್ತದೆ ಎಂದೂ ಗೊತ್ತಿರುತ್ತದೆ. ಕಾಡಿನ ನಡುವೆ ಗಾಡಿ ಹೋಗುವಷ್ಟು ಅಗಲದ ಒಂದು ಓಣಿ ಕಡಿದರೆ ಸಾಕು, ಪಡುವಣ ಗಾಳಿಯೆಲ್ಲ ಅದೇ ಓಣಿಗೆ ನುಗ್ಗಿ, ಎರಡು ಪಟ್ಟು ಬಿರುಸಾಗಿ ಕೆಳಗಿಳಿಯುತ್ತದೆ. ಪಾಲಿಹೌಸು ಒಂದು ಹೊತ್ತೂ ನಿಲ್ಲುವುದಿಲ್ಲ. ಅವಳು ಹೊಲಿಗೆ ಪೆಟ್ಟಿಗೆಯಿಂದ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತೆಗೆದು, ಪಡುವಣ ಸರ್ವೆಯಿಂದ ಶುರು ಮಾಡಿ, ಸಾಲಿನ ಪ್ರತಿ ಮರಕ್ಕೂ ಸೊಂಟದೆತ್ತರದಲ್ಲಿ ಒಂದೊಂದು ಗೆರೆ ಎಳೆಯುತ್ತ ಬಂದಳು. ಸರ್ವೆ, ಸೀಬೆ, ಮಗಳು ಹತ್ತುವ ಹಿಪ್ಪುನೇರಳೆ, ನಿಂಬೆ, ದಾಳಿಂಬೆ. ಸಾಲಿನ ಕೊನೆಯ ಮರ ಗೇಟಿನ ಪಕ್ಕದ ಅಂಜೂರ.

ಅತ್ತೆ ಅಲ್ಲೇ ಕೂತಿದ್ದಳು. "ಇದನ್ನೂ ಕಡೀತೀಯಾ?"

"ಸಾಲಲ್ಲಿದೆ, ಅತ್ತೆ."

ಅತ್ತೆ ಒರಗಿದ್ದ ಬೆನ್ನನ್ನು ಸ್ವಲ್ಪ ಸರಿಸಿಕೊಂಡು ಗೆರೆ ಎಳೆಯಲು ಜಾಗ ಬಿಟ್ಟಳು. ಟಾರ್ಪಾಲಕ್ಕನ ಗೆರೆ ಜೀವನದಲ್ಲಿ ಮೊದಲ ಬಾರಿಗೆ ಸೊಟ್ಟಗಾಯಿತು.

ಗಂಡ ಅಂದು ಗಾಳಿಯಿಲ್ಲದಿದ್ದರೂ ಕಿರುಚಿದ. "ಎದುರಿಗೆ ಬಂದೋನಿಗೆ ಅಪಶಕುನ ಆಗ್ಲಿ ಅಂತ ತನ್ನ ಮೂಗು ಕೊಯ್ಕೊಂಡ್ರಂತೆ! ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ, ಗೊತ್ತಾ? ಆ ಓಣೀಲಿ ಬರೋ ಗಾಳಿ ನಿನ್ನ ಮರ ಬಿಟ್ಟು ಅವನ ಪ್ಲಾಸ್ಟಿಕ್ ಮಾತ್ರ ಹರಿಯತ್ತಾ?"

"ಅಕ್ಕಪಕ್ಕದ್ದೂ ಹೋಗ್ತವೆ. ಗೊತ್ತು."

"ಗೊತ್ತಿದ್ದೂ?"

"ಹೋಗ್ಲಿ. ಅವರದ್ದೂ ಹೋಗತ್ತಲ್ಲ."

ಗಂಡ ಸ್ಪ್ಯಾನರು ಎತ್ತಿಕೊಂಡು ಹೊಂಡದ ಮೋಟಾರಿನ ಕಡೆ ಇಳಿದು ಹೋದ. ಮಗಳು ಹಿಪ್ಪುನೇರಳೆ ಮರ ಹತ್ತಿ ಕೂತು ಊಟಕ್ಕೂ ಇಳಿಯಲಿಲ್ಲ. ಟಾರ್ಪಾಲಕ್ಕ ಮರ ಕೊಯ್ಯುವವನಿಗೆ ಬರಹೇಳಿದಳು. ಅವನು ಆ ಸುದ್ದಿಯನ್ನು ಚಹಾದಂಗಡಿಯಲ್ಲಿ ಹೇಳಿದ. ಅಲ್ಲಿ ಗುತ್ತಿಗೆದಾರ ಕೂತಿದ್ದ. ಗುತ್ತಿಗೆದಾರ ಚಹಾ ಅರ್ಧಕ್ಕೆ ಬಿಟ್ಟು ಎದ್ದು ಹೋಗಿ ಭಾವನಿಗೆ ಹೇಳಿದ: ಸ್ವಾಮಿ, ಮೇಲಿನ ಮರಗಳನ್ನು ನಂಬಿ ನಾನು ತೆಳ್ಳನೆ ಕಂಬ ಹಾಕಿದ್ದೇನೆ, ಅಲ್ಲಿ ಓಣಿಯಾದರೆ ನಿಮ್ಮ ಹೂವಿಗೂ ನನ್ನ ಹೆಸರಿಗೂ ಗತಿಯಿಲ್ಲ.

ಹಾಗೆ ಒಂದು ಬೆಳಿಗ್ಗೆ, ಮರ ಕೊಯ್ಯುವವನು ಮಿಷನ್ನಿಗೆ ಎಣ್ಣೆ ಹಾಕುತ್ತಿರುವಾಗ, ಭಾವ ಏದುಸಿರು ಬಿಡುತ್ತ ದಿಬ್ಬ ಹತ್ತಿ ಬಂದು ಗೇಟಿನಲ್ಲಿ ನಿಂತ. ಪಾಲಾದ ದಿನದಿಂದ ಅವನು ಅಲ್ಲಿಗೆ ಬಂದದ್ದು ಅದೇ ಮೊದಲು. ಮೊದಲು ಯಜಮಾನಿಕೆ ತೋರಿಸಿದ: "ಯಾರನ್ನ ಕೇಳಿ ಮರ ಕಡೀತಿದ್ದೀರಾ?" ಮರ ಕೊಯ್ಯುವವನು ತನ್ನ ಪಾಡಿಗೆ ಎಣ್ಣೆ ಹಾಕುತ್ತಲೇ ಇದ್ದ. ತಮ್ಮನ ಕಡೆ ನೋಡಿದ. ತಮ್ಮ ಈ ಸಲ ಹಲ್ಲು ಬಿಡಲಿಲ್ಲ. ಅಂಜೂರದ ಬುಡದಲ್ಲಿದ್ದ ತಾಯಿಯ ಕಡೆ ನೋಡಿ, "ಅಮ್ಮ, ನೀನಾದ್ರೂ ಹೇಳು," ಅಂದ. ಅವಳು ಸೆರಗಿನ ಮೇಲಿನ ಇರುವೆಯನ್ನು ಬೆರಳಿನಿಂದ ನೂಕಿದಳು. ಕೊನೆಗೆ ದನಿ ಇಳಿಯಿತು. "ನೋಡಮ್ಮ, ನಾನು ಅವತ್ತು ತಮಾಷೆಗೆ ಅಂದಿದ್ದು. ಕಡೀಬೇಡ. ಬೇಕಾದ್ರೆ ಕೈ ಮುಗೀತೀನಿ."

"ಮುಗಿಯೋದು ಬೇಡ, ಭಾವ," ಅಂದಳು ಟಾರ್ಪಾಲಕ್ಕ. "ಒಡ್ಡಿ."

ಅವನಿಗೆ ನೆನಪಿತ್ತು. ನೆನಪಿಲ್ಲದಿದ್ದರೆ ಕಿವಿ ಅಷ್ಟು ಕೆಂಪಾಗುತ್ತಿರಲಿಲ್ಲ. ಭಾವನ ಹಿಂದೆಯೇ ಹತ್ತಿ ಬಂದಿದ್ದ ಗುತ್ತಿಗೆದಾರ, ಮರ ಕೊಯ್ಯುವವನು, ಅವನ ಆಳು, ಇವರೆಲ್ಲ ನಿಂತು ನೋಡುತ್ತಿದ್ದರು. ಈ ಸಲ ಅವರನ್ನು ಎಣಿಸಿಕೊಂಡವಳು ಟಾರ್ಪಾಲಕ್ಕ. ಭಾವ ಗೇಟಿನ ಸರಳಿನ ನಡುವೆ ಎರಡೂ ಕೈ ತೂರಿಸಿ ಬೊಗಸೆ ಒಡ್ಡಿದ.

ಅವಳು ಅಂಜೂರದ ಕೊಂಬೆ ಬಗ್ಗಿಸಿ ಒಂದು ಹಣ್ಣು ಕಿತ್ತಳು. ಇಷ್ಟು ವರ್ಷ ನೂರು ಸಲ ಮನಸ್ಸಿನಲ್ಲೇ ಹೊಲಿದು ಬಿಚ್ಚಿ ಹೊಲಿದಿದ್ದ ಗಳಿಗೆ ಇದು. ಎದೆ ಹಿಗ್ಗಿ ಕಣ್ಣಲ್ಲಿ ನೀರು ಬಂತು. ಸಂತೋಷವೇ ಅದು, ಸುಳ್ಳು ಹೇಳಬಾರದು. ಇನ್ನೇನು ಹಣ್ಣನ್ನು ಆ ಬೊಗಸೆಗೆ ಬಿಡಬೇಕು, ಅಷ್ಟರಲ್ಲಿ ಪಕ್ಕದಿಂದ ಸುಕ್ಕುಗಟ್ಟಿದ ಕೈಯೊಂದು ಬಂದು ಅದನ್ನು ತೆಗೆದುಕೊಂಡಿತು.

"ಕೊಡ್ಬೇಡ," ಅಂದಳು ಅತ್ತೆ.

"ಅತ್ತೆ, ನನ್ನ ಶಪಥ..."

"ನಿಂದು ಆಯ್ತಲ್ಲ, ಅವನು ಕೈ ಒಡ್ಡಿದ. ನಂದು ಇನ್ನೂ ಇದೆ." ಅವಳು ಮಗನ ಕಡೆ ತಿರುಗಿದಳು. "ದಿಬ್ಬದ ಜೊತೆ ಅಮ್ಮನೂ ಇರ್ಲಿ ಅಂದೆ. ತೂಕಕ್ಕೆ ಕಮ್ಮಿ ಬಿದ್ರೆ ಸೊಪ್ಪಿನ ಜೊತೆ ಒಂದು ಕಡ್ಡಿ ಸೇರಿಸಿ ಹಾಕ್ತಾರಲ್ಲ, ಹಾಗೆ. ಬಾಗಿಲ ಹಿಂದೇನೇ ನಿಂತಿದ್ದೆ ಕಣೋ ನಾನು. ಈಗ ಹಣ್ಣು ಕೊಟ್ರೆ, ತಿಂದೆ, ಮುಗೀತು ಅಂತ ಇಳಿದು ಹೋಗ್ತೀಯ. ಮುಗಿಯೋದು ಬೇಡ ಇದು."

ಹಾಗೆಂದು ಆ ಹಣ್ಣನ್ನು ಅವನ ಕಣ್ಣೆದುರಿಗೇ ಬಾಯಿಗಿಟ್ಟುಕೊಂಡಳು. ಹಲ್ಲಿಲ್ಲದ ಬಾಯಿ, ಬಹಳ ಹೊತ್ತು ಹಿಡಿಯಿತು. ಅಷ್ಟೂ ಹೊತ್ತು ಭಾವನಿಗೆ ಕೈ ಹಿಂದಕ್ಕೆ ತೆಗೆದುಕೊಳ್ಳಬೇಕೋ ಬೇಡವೋ ತಿಳಿಯಲಿಲ್ಲ. ಟಾರ್ಪಾಲಕ್ಕ ಬಿಟ್ಟ ಕಣ್ಣು ಬಿಟ್ಟ ಹಾಗೆ ನಿಂತಳು. ತನ್ನ ಸೇಡೇ ಸೇರು ತೂಗುತ್ತದೆಂದು ಅವಳು ತಿಳಿದಿದ್ದಳು. ಪಕ್ಕದಲ್ಲಿ ಸವಾಸೇರು ಇಷ್ಟು ವರ್ಷ ಬಾಯಿ ಮುಚ್ಚಿಕೊಂಡು ಕೂತಿತ್ತು.

ಖಾಲಿ ಕೈ ಎಳೆದುಕೊಂಡು ಭಾವ ಇಳಿಯತೊಡಗಿದ. ಮರ ಕೊಯ್ಯುವವನು ಕೇಳಿದ: "ಅಕ್ಕಾ, ಮಿಷನ್ ಶುರು ಮಾಡ್ಲಾ?"

ಟಾರ್ಪಾಲಕ್ಕ ಅತ್ತೆಯ ಮುಖ ನೋಡಿದಳು. ಆಮೇಲೆ, ದಿಬ್ಬದ ಅರ್ಧಕ್ಕಿಳಿದಿದ್ದವನಿಗೂ ಕೇಳುವ ಹಾಗೆ ಕೂಗಿ ಹೇಳಿದಳು: "ಇವತ್ತು ಬೇಡ!"

ಭಾವನ ಹೆಜ್ಜೆ ಒಮ್ಮೆ ತಡವರಿಸಿತು. ಮಗಳು ಮರದಿಂದ ಇಳಿದು ಬಂದು, "ಅಜ್ಜಿ, ಹಣ್ಣು ಹೇಗಿತ್ತು?" ಅಂತ ಕೇಳಿದಳು. "ಇನ್ನೊಂದೆರಡು ದಿನ ಮಾಗ್ಬೇಕಿತ್ತು," ಅಂದಳು ಅಜ್ಜಿ. ಅಂದು ಮನೆಮಂದಿ ಕಾಡಿನ ತುಂಬ ಓಡಾಡಿ, ಕೈಗೆ ಸಿಕ್ಕಿದ್ದನ್ನೆಲ್ಲ ಕಿತ್ತು ತಿಂದರು. ಗಂಡ ಸೀಬೆ ತಿಂದು ತಿಂದು ಹೊಟ್ಟೆನೋವು ತಂದುಕೊಂಡ. ಟಾರ್ಪಾಲಕ್ಕನಿಗೆ ದಾಳಿಂಬೆ ಇಷ್ಟು ಸಿಹಿ ಎಂದು ಅಂದೇ ಗೊತ್ತಾದದ್ದು. ಅಷ್ಟು ವರ್ಷ ಬಿಟ್ಟದ್ದಕ್ಕೆ ಬೇಜಾರಾಯಿತೇ ಎಂದರೆ, ಇಲ್ಲ, ಸಿಟ್ಟಾಯಿತು. ಆ ಸಿಟ್ಟೂ ಭಾವನ ತಲೆಗೇ ಹೋಯಿತು.

ಮಳೆ ಬಂದು ಮರಗಳ ಮೇಲಿನ ಗೆರೆಗಳು ಅಳಿಸಿಹೋದವು. ಇನ್ನಾದರೂ ನೆಮ್ಮದಿ ಎಂದು ಗಂಡ ಉಸಿರು ಬಿಟ್ಟ. ಮೊದಲ ಬಿಸಿಲು ಬಿದ್ದ ಬೆಳಿಗ್ಗೆ ನೋಡಿದರೆ ಹೆಂಡತಿ ಪಡುವಣ ಸರ್ವೆಯ ಬುಡದಲ್ಲಿ ಸೀಮೆಸುಣ್ಣ ಹಿಡಿದು ಬಗ್ಗಿದ್ದಳು. ಕೆಳಗೆ ಭಾವ ಹಲ್ಲುಜ್ಜುವುದನ್ನು ನಿಲ್ಲಿಸಿ ಮೇಲಕ್ಕೇ ನೋಡುತ್ತಿದ್ದ.

"ಕಡಿಯಲ್ಲ ಅಂತ ಗೊತ್ತಲ್ವೇನೇ, ಮತ್ತೆ ಯಾಕೆ ಈ ಗೆರೆ?"

"ಕಡಿಯಲ್ಲ ಅಂತ ನಿಮಗೆ ಗೊತ್ತು, ನನಗೆ ಗೊತ್ತು," ಅಂದಳು ಅವಳು ಮುಂದಿನ ಮರಕ್ಕೆ ಹೋಗುತ್ತ. "ಅವರಿಗೆ ಗೊತ್ತಿಲ್ವಲ್ಲ."

ಆಮೇಲೆ ಪ್ರತಿ ಮಳೆಗಾಲ ಮುಗಿದಾಗಲೂ ಹೀಗೇ. ಸಾಲಿನ ಮರಗಳಿಗೆಲ್ಲ ಟಾರ್ಪಾಲಕ್ಕನೇ ಗೆರೆ ಎಳೆಯುತ್ತಾಳೆ. ಕೊನೆಯ ಅಂಜೂರದ ಬಳಿ ಬಂದಾಗ ಮಾತ್ರ ಸೀಮೆಸುಣ್ಣವನ್ನು ಅತ್ತೆಯ ಕೈಗೆ ಕೊಡುತ್ತಾಳೆ. ಆ ಗೆರೆಯನ್ನು ಅತ್ತೆ ಇನ್ನೊಬ್ಬರಿಗೆ ಬಿಟ್ಟುಕೊಡುವುದಿಲ್ಲ.